ಹೆಳವರ ಹೊತ್ತಿಗೆಯಲ್ಲಿ ಅವ್ವನ ಹೆಸರು

ಮೊನ್ನೆ ಸಿಂದಗಿಯಿಂದ ಮೋರಟಗಿಗೆ ಬರುತ್ತಿದ್ದೆ. ದಾರಿ ಬದಿಯ ಹೊಲದಲ್ಲಿ ನಾಲ್ಕಾರು ಮಂದಿ ಕೂತು ಸೀತನಿ ಸುಡುತ್ತಿದ್ದರು. ಹಾಲು ತುಂಬಿದ ಜೋಳದ ತೆನೆ ಕೆಂಡದ ಮೇಲೆ ಬಿದ್ದಾಗ ಏಳುವ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು, "ವಾಸನಿಗೇ ಹಸಿವಾಗತೈತಿ ನೋಡ್ರಿ ಟೀಚರ್," ಅಂದಳು. ನಾನು ಹೂಂ ಅಂದೆ. ನನಗೆ ಹಸಿವಾಗಿರಲಿಲ್ಲ. ಮೂರು ವರ್ಷದ ಹಿಂದಿನ ಚಳಿಗಾಲ, ಅವ್ವ ನನ್ನ ಮನೆಯಲ್ಲಿದ್ದ ಕಡೆಯ ಚಳಿಗಾಲ, ಎದೆಯ ಮೇಲೆ ಬಂದು ಕೂತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವ್ವ ಎಡವತೊಡಗಿದಳು. ಹೊತ್ತು ಇಳಿಯುತ್ತಿದ್ದಂತೆ ಹೊಸ್ತಿಲು ಕಾಣುತ್ತಿರಲಿಲ್ಲ, ಮಗ್ಗುಲಿಗೆ ಇಟ್ಟ ತಂಬಿಗೆ ಕಾಣುತ್ತಿರಲಿಲ್ಲ. ವಯಸ್ಸಾಯಿತು, ಪೊರೆ ಬಂದಿರಬೇಕು ಅಂದುಕೊಂಡು ವಿಜಯಪುರಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಪೊರೆಯಲ್ಲ, ಒಳಗಿನ ಪರದೆಯೇ ಒಣಗುತ್ತಿದೆ ಅಂದರು. ಆಮೇಲೆ ಕೇಳಿದರು: "ಇದು ರಕ್ತದಾಗ ಬರೂ ಬ್ಯಾನಿ ಇರಬಹುದು. ನಿಮ್ಮ ತಾಯಿ ತವರಿನಾಗ ಯಾರಿಗರೆ ಹಿಂಗ ಆಗಿತ್ತೇನ್ರಿ?"

ನಾನು ಇಲ್ಲ ಅನ್ನುವಷ್ಟರಲ್ಲಿ ಅವ್ವ ತಲೆ ತಗ್ಗಿಸಿದ್ದನ್ನು ನೋಡಿದೆ.

ಅವ್ವನ ತವರು ಇಂಡಿ ತಾಲೂಕಿನ ತಾಂಬಾ. ಬೇಸಿಗೆ ರಜೆಯೆಂದರೆ ನನಗೆ ತಾಂಬಾದ ಮನೆಯೇ. ಅಲ್ಲಿ ಅವ್ವನ ತಾಯಿ ಇದ್ದಳು. ನಾವು ಆಯಿ ಅನ್ನುತ್ತಿದ್ದೆವು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಅದು ಕರಗುವ ಮುಂಚೆ ನನ್ನ ಬಾಯಿಗೆ ಹಾಕುತ್ತಿದ್ದ ಆಯಿ. ಸಾಯುವ ತನಕ ಅವಳ ಕಣ್ಣುಗಳು ಚುರುಕಾಗಿದ್ದವು. ತೊಂಬತ್ತರ ಹತ್ತಿರ ಹೋದರೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು. ಅವ್ವನಿಗೆ ಇದು ಎಲ್ಲಿಂದ ಬಂತು?

ವಿಜಯಪುರದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವನನ್ನು ಕೇಳಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನನಗ ಗೊತ್ತಿಲ್ಲ. ಸುಮ್ಮನ ಕೂಡು," ಅಂದಳು. ನಾಲ್ಕು ದಿನ ಅದೇ ಮಾತು. ನಾನು ಇಪ್ಪತ್ತೈದು ವರ್ಷ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ಉತ್ತರ ಗೊತ್ತಿದ್ದೂ ಹೇಳದವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು.

ಭಾನುವಾರ ತಾಂಬಾಕ್ಕೆ ಹೋದೆ. ಸೋದರಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಹೆಂಡತಿ ಸಾವಿತ್ರಿ ಅತ್ತಿ ಒಬ್ಬಳೇ ಹಳೆಯದನ್ನು ಬಲ್ಲವಳು. ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಡಾಕ್ಟರು ಕೇಳಿದ್ದನ್ನು ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

"ಈ ಮನ್ಯಾಗ ಹುಡುಕಬ್ಯಾಡ ಶಾಂತಾ. ನಿಮ್ಮವ್ವ ಈ ಮನಿ ಮಗಳಲ್ಲ."

ಮುಂದೆ ಅವಳು ಹೇಳಿದ್ದು ಇಷ್ಟೇ: ಅವ್ವ ಆರು ವರ್ಷದವಳಿದ್ದಾಗ ಹೊಳೆ ಕಡೆಯ ಒಬ್ಬ ಮನುಷ್ಯನ ಜೊತೆ ಬಂದಿದ್ದಳಂತೆ. ಆಗ ಆಯಿಗೆ ಹುಟ್ಟಿದ ಕೂಸುಗಳೆಲ್ಲ ಸತ್ತಿದ್ದವು. ಸೋದರಮಾವ ಇನ್ನೂ ಹುಟ್ಟಿರಲಿಲ್ಲ. ಇಟ್ಟುಕೊಂಡರು, ಬೆಳೆಸಿದರು, ಮದುವೆ ಮಾಡಿ ಕೊಟ್ಟರು. ಇದಕ್ಕಿಂತ ಹೆಚ್ಚು ಕೇಳಬೇಡ ಅಂದಳು. ತೊಗರಿ ಕಡೆ ನೋಡುತ್ತಿದ್ದಳೇ ಹೊರತು ನನ್ನ ಕಡೆಗಲ್ಲ.

ಐವತ್ತು ದಾಟಿದ ಮೇಲೆ ನನ್ನ ಅಜ್ಜ ಯಾರೋ ನನಗೆ ಗೊತ್ತಿಲ್ಲ ಅಂತ ತಿಳಿಯುವುದು ವಿಚಿತ್ರ. ಬಸ್ ಸ್ಟ್ಯಾಂಡಿನಲ್ಲಿ ಕೂತು ನನ್ನ ಕೈಗಳನ್ನೇ ನೋಡಿಕೊಂಡೆ. ಈ ಅಗಲ ಅಂಗೈ ಯಾರದು?

ಮನೆಗೆ ಬಂದು ಅವ್ವನ ಮುಂದೆ ಕೂತೆ. "ಅವ್ವಾ, ಅತ್ತಿ ಹೇಳಿದ್ಳು," ಅಂದೆ. ಅವ್ವ ಅಳದೆ, ಯಾರದೋ ಸುದ್ದಿ ಹೇಳುವಂತೆ ಹೇಳಿದಳು.

"ನಮ್ಮಪ್ಪ ಹಗ್ಗ ಹೊಸೀತಿದ್ದ. ಕಣ್ಣ ಸರಿ ಕಾಣತಿರಲಿಲ್ಲ ಅವಗ. ಪುಂಡಿನಾರು ಹೊತಗೊಂಡು ಊರಿಂದ ಊರಿಗೆ ಹೋಗತಿದ್ವಿ. ಅವನ ಕೈ ಹಿಡದು ನಾ ಮುಂದ. ಅಂವ ನಾರು ಕೊಡಾಂವ, ನಾ ಆ ತುದಿ ಹಿಡದು ತಿರುವಾಕಿ. ತಾಂಬಾಕ್ಕ ಬಂದಾಗ ನನಗ ಜ್ವರ ಬಂತು. ಆರಾಮಾದ ಮ್ಯಾಲ ಬಂದು ಒಯ್ತೇನಿ ಅಂದು ಹ್ವಾದ. ಬರಲಿಲ್ಲ."

"ಯಾಕ ಬರಲಿಲ್ಲ?"

"ಬ್ಯಾಡಾಗಿದ್ದೆ, ಬಿಟ್ಟ. ಇದರಾಗ ಕೇಳೂದು ಏನೈತಿ?"

ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ಆ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಗಂಡನಿಗೂ ಹೇಳಿರಲಿಲ್ಲ. ಅವ್ವ ಯಾಕೆ ಯಾವ ಮದುವೆಯಲ್ಲೂ ಮಗಳನ್ನು ಒಪ್ಪಿಸಿಕೊಡುವ ಹೊತ್ತಿಗೆ ಎದ್ದು ಹೋಗುತ್ತಿದ್ದಳು ಅಂತ ನನಗೆ ಅವತ್ತು ಗೊತ್ತಾಯಿತು.

ಹುಡುಕಬೇಕು ಅಂತ ಅವತ್ತೇ ಮನಸ್ಸು ಮಾಡಿದೆ. ಡಾಕ್ಟರ ಪ್ರಶ್ನೆ ಒಂದು ನೆಪ. ಒಂದು ನೋಟ್‌ಬುಕ್ ತಂದು ಅವ್ವನ ಬಾಯಿಂದ ಬಂದದ್ದನ್ನೆಲ್ಲ ಬರೆಯತೊಡಗಿದೆ. ಅಪ್ಪನ ಹೆಸರು ನಿಂಗಪ್ಪ. ಊರು ಬಿಳೇಹಾಳ, ಹೊಳೆ ದಂಡೆ. ತಾಯಿ ಬಾಣಂತನದಲ್ಲಿ ಸತ್ತಿದ್ದಳು. ಮನೆಯಲ್ಲಿ ಅಜ್ಜಿಯ ಹತ್ತಿರ ಒಬ್ಬ ತಂಗಿ ಇದ್ದಳು, ಹೆಸರು ನೆನಪಿಲ್ಲ, "ಮೂಗು ಸೋರತಿತ್ತು ಅದಕ್ಕ, ಅಷ್ಟ ಗೊತ್ತು." ಅವ್ವ ಬೆಚ್ಚಿಬಿದ್ದಾಗಲೆಲ್ಲ "ಯಲಗೂರಪ್ಪಾ" ಅನ್ನುತ್ತಿದ್ದಳು. ತಾಂಬಾದ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಅವರ ಮನೆದೇವರು ಬೇರೆ. ಯಲಗೂರು ಹೊಳೆಯ ದಂಡೆಯಲ್ಲಿದೆ. ಅದನ್ನೂ ಬರೆದುಕೊಂಡೆ.

ತಾಂಬಾದ ಸಾಲಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿದೆ. ಹೆಡ್‌ಮಾಸ್ತರು ನನ್ನ ಜೊತೆ ತರಬೇತಿಯಲ್ಲಿದ್ದವರು. ಧೂಳು ಝಾಡಿಸಿ ತಾವೇ ಹುಡುಕಿಕೊಟ್ಟರು. ಅವ್ವನ ಹೆಸರಿತ್ತು, ಗುರುಬಾಯಿ. ಮುಂದೆ ತಂದೆಯ ಹೆಸರಿನ ಜಾಗದಲ್ಲಿ ತಾಂಬಾದ ಅಜ್ಜನ ಹೆಸರಿತ್ತು. ದುಂಡನೆಯ ಅಕ್ಷರ, ಒಂದೂ ಗೀಚಿಲ್ಲ, ತಿದ್ದಿಲ್ಲ. ಬಿಳೇಹಾಳದ ಬಗ್ಗೆ ವಿಚಾರಿಸಿದರೆ, ಮುದ್ದೇಬಿಹಾಳ ಕಡೆಯ ಸಹೋದ್ಯೋಗಿಯೊಬ್ಬರು, "ಆ ಊರು ಎಲ್ಲೈತ್ರಿ ಈಗ? ಹಿನ್ನೀರಾಗ ಹೋತು," ಅಂದರು. ಊರೂ ಇಲ್ಲ, ಕಾಗದವೂ ಇಲ್ಲ. ಅಲ್ಲಿಗೆ ನಿಂತೇ ಹೋಯಿತು ಅಂದುಕೊಂಡೆ.

ಎಳ್ಳಮಾವಾಸ್ಯೆ ಕಳೆದು ಜೋಳ ಹಾಲುಗಾಳಾಗಿತ್ತು. ಆಗ ನಮ್ಮ ಓಣಿಗೆ ಒಬ್ಬ ಹೆಳವರವನು ಬಂದ. ಮನೆತನಗಳ ಪೀಳಿಗೆ ಹೇಳುವುದೇ ಹೆಳವರ ಕಸುಬು. ಹಿಂದೆಲ್ಲ ಎತ್ತಿನ ಮೇಲೆ ಕೂತು ಬರುತ್ತಿದ್ದರು; ಇವನು ಮೋಟರ್ ಸೈಕಲ್ ಮೇಲೆ, ಹೊತ್ತಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದ. ಎದುರು ಮನೆಯ ಕಟ್ಟೆಯ ಮೇಲೆ ಅವರ ಏಳು ತಲೆಮಾರನ್ನು ಒಂದೇ ಉಸಿರಿಗೆ ಓದುತ್ತಿದ್ದ. ಓದು ಮುಗಿಯುವವರೆಗೂ ನಿಂತಿದ್ದು, ಬಿಳೇಹಾಳದ ನಿಂಗಪ್ಪ, ಮನೆದೇವರು ಯಲಗೂರಪ್ಪ ಅಂತ ಹೇಳಿ, ಸಿಗುತ್ತದೆಯೇ ಅಂತ ಕೇಳಿದೆ.

"ಹೊಳಿ ದಂಡಿ ಮಂದಿ ನಮ್ಮ ಪಾಲಿಗಿಲ್ಲರಿ ಅಕ್ಕಾರ," ಅಂದ. "ಅದು ನಮ್ಮ ಮಾವನ ಪಾಲು. ಬಸವನ ಬಾಗೇವಾಡ್ಯಾಗ ಇರ್ತಾರ. ಮನಿದೇವರು ಗೊತ್ತೈತಿಲ್ಲ? ಹಂಗಾರ ಸಿಗತೈತಿ. ಊರು ಮುಳುಗಿದರೂ ಹೊತ್ತಿಗಿ ಮುಳುಗಿಲ್ಲರಿ."

ಮುಂದಿನ ರವಿವಾರ ಬಾಗೇವಾಡಿಗೆ ಹೋದೆ. ಹೆಳವ ಮುದುಕನಿಗೆ ಎಂಬತ್ತರ ಹತ್ತಿರ. ಸ್ನಾನ ಮಾಡಿ, ಹೊತ್ತಿಗೆಗೆ ಊದಿನಕಡ್ಡಿ ಬೆಳಗಿ, ಹಾಳೆ ತಿರುವತೊಡಗಿದ. ಬಿಳೇಹಾಳದ ಮನೆತನಗಳು ಒಂದೊಂದಾಗಿ ಹೋದವು. ಒಂದು ಕಡೆ ಬೆರಳು ನಿಂತಿತು.

"ಹಗ್ಗದ ನಿಂಗಪ್ಪ. ಗಂಡ ಸಂತಾನ ಇಲ್ಲ. ನಾವು ಹೆಣ್ಣಮಕ್ಕಳ ಹೆಸರು ಬರಿಯೂದು ಕಡಿಮಿ ತಾಯಿ, ಆದ್ರ ಇಂವ ಹಟ ಹಿಡದು ನಮ್ಮಪ್ಪನ ಕಡೆ ಬರಿಸ್ಯಾನ. ಕೇಳ್ರಿ: ನಿಂಗಪ್ಪನ ಹೊಟ್ಟಿಲೆ ಇಬ್ಬರು ಹೆಣ್ಣಮಕ್ಕಳು. ಹಿರಿಯಾಕಿ ಗುರುಬಾಯಿ. ಕಿರಿಯಾಕಿ ಯಮನವ್ವ." ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲು ಓದಿದ. "ಗುರುಬಾಯಿ ಸಣ್ಣಾಕಿ ಇದ್ದಾಗ ತಾಂಬಾದಾಗ ಜ್ವರ ಬಂದು ತೀರಿದಳು."

ನಾನು ಮತ್ತೊಮ್ಮೆ ಓದಿಸಿದೆ. ತೀರಿದಳು. ಬೆಳಿಗ್ಗೆ ಅವಳಿಗೆ ಚಹಾ ಕೊಟ್ಟು, ತಲೆ ಬಾಚಿ, ಬಿಸಿಲಿಗೆ ಕೂರಿಸಿ ಬಂದಿದ್ದೆ.

ಅಲ್ಲಿಂದ ನೆಟ್ಟಗೆ ತಾಂಬಾಕ್ಕೆ ಹೋದೆ. ಅತ್ತಿ ನನ್ನ ಮುಖ ನೋಡಿಯೇ ಬಾಗಿಲು ಮುಂದೆ ಮಾಡಿ ಕೂತಳು. "ಅವ್ವ ಸತ್ತಾಳಂತ ಯಾರು ಹೇಳಿದ್ರು?" ಅಂತ ಕೇಳಿದೆ.

"ನಮ್ಮತ್ತಿ. ನಿಮ್ಮ ಆಯಿ," ಅಂದಳು. "ಸಾಯೂ ಮುಂದ ನನ್ನ ಕೈ ಹಿಡದು ಹೇಳಿದ್ಳು. ಅವ ಬಂದಿದ್ದ ಶಾಂತಾ. ಜ್ವರ ಬಿಟ್ಟು ನಾಕ ತಿಂಗಳಾಗಿತ್ತು. ಬಾಜೂ ಊರಾಗ ಹಗ್ಗದಾಂವ ಬಂದಾನ ಅಂತ ಸುದ್ದಿ ಬಂದ ಕೂಡಲೆ ಹುಡುಗಿನ್ನ ನಮ್ಮ ಮಾವನ ಜೋಡಿ, ನಿಮ್ಮ ಅಜ್ಜನ ಜೋಡಿ, ಚಡಚಣ ಸಂತಿಗೆ ಕಳಿಸಿದ್ಳು. ಮರುದಿನ ಅಂವ ಬಂದ. ಹುಡುಗಿ ತೀರಿಕೊಂಡ್ಳು ಅಂದ್ಳು. ಮಣ್ಣ ಎಲ್ಲಿ ಮಾಡೀರಿ ತೋರಸ್ರಿ ಅಂದ. ಹೊಲದ ಬದುವಿನ ಬಾರಿ ಗಿಡದ ಬುಡಕ ಒಂದು ಗುಂಪಿ ತೋರಿಸಿದ್ಳು. ಅಂವ ಕೂತು ಆ ಮಣ್ಣು ಕೈಲೆ ಸವರಿದನಂತ. ಸವರೇ ಸವರಿದನಂತ."

ಚಡಚಣದ ಸಂತೆ ನನಗೆ ಗೊತ್ತಿತ್ತು. ನಾನು ಸಣ್ಣವಳಿದ್ದಾಗ ಅವ್ವ ಅದನ್ನು ನೂರು ಸಲ ಹೇಳಿದ್ದಳು: ಮೊದಲನೇ ಸಲ ಚಕ್ಕಡಿಯಲ್ಲಿ ಕೂತದ್ದು, ಮರಾಠಿ ಮಾತಾಡುವ ಬಳೆಗಾರ, ಎರಡೂ ಕೈ ತುಂಬ ಹಸಿರು ಬಳೆ, ದ್ರಾಕ್ಷಿ, ಅಲ್ಲೇ ಯಾರದೋ ಮನೆಯಲ್ಲಿ ವಸ್ತಿ. ತನ್ನ ಬಾಳಿನ ಎಲ್ಲಕ್ಕಿಂತ ಚೆಂದದ ದಿನ ಅಂತ ಹೇಳುತ್ತಿದ್ದಳು.

ಆಯಿಯ ಬೆಣ್ಣೆ ರೊಟ್ಟಿ ತಿಂದು ಬೆಳೆದವಳು ನಾನು. ಅವಳನ್ನು ದ್ವೇಷಿಸಲು ಅವತ್ತೂ ಆಗಲಿಲ್ಲ, ಇವತ್ತೂ ಆಗಿಲ್ಲ. ಸತ್ತ ಕೂಸುಗಳ ತಾಯಿ, ಮನೆಗೆ ಬಂದ ಒಂದು ಜೀವವನ್ನು ಬಿಟ್ಟುಕೊಡಲಾರದೆ ಹೋದಳು. ಆದರೆ ಆ ಗುಂಪಿಯ ಮೇಲೆ ಓಡಾಡಿದ ಕೈಗಳನ್ನೂ ನನ್ನಿಂದ ಮರೆಯಲಾಗಲಿಲ್ಲ.

ಅವ್ವನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ನಮ್ಮ ಮನೆಯವರು, "ಈಗ ಹೇಳಿ ಏನ ಸಾಧಸ್ತಿ? ಮುದುಕಿ ನೆಮ್ಮದಿಲೆ ಇರಲಿ," ಅಂದರು. ಆದರೆ ಅವಳು ನೆಮ್ಮದಿಯಲ್ಲಿ ಇರಲಿಲ್ಲವಲ್ಲ. ಬುಧವಾರ ಸಾಲಿ ಬಿಟ್ಟ ಮೇಲೆ ಅಂಗಳದಲ್ಲಿ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಹೊತ್ತಿಗೆಯ ಸಾಲು, ಬಾರಿ ಗಿಡ, ಚಡಚಣ.

ಅವ್ವ ತನ್ನ ಮುಂಗೈಗಳನ್ನು ಒಂದರ ಮೇಲೊಂದು ಸವರಿಕೊಂಡಳು, ಬಳೆ ಇದ್ದ ಜಾಗವನ್ನು. ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಅಪ್ಪನ್ನ ಯಾರ ಕೈ ಹಿಡದು ಕರಕೊಂಡ ಬಂದಿದ್ರು?"

ನನಗೆ ಗೊತ್ತಿರಲಿಲ್ಲ.

"ಆಕಿ ನನ್ನ ಸಾಕಿದಾಕಿ," ಅಂದಳು ಆಮೇಲೆ. "ಆಕಿಗೆ ಬೈಬ್ಯಾಡ. ಆದ್ರ ನನ್ನ ಮುಂದ ಆಕಿ ಹೆಸರ ತೆಗೀಬ್ಯಾಡ."

ಕಿರಿಯಾಕಿ ಯಮನವ್ವ ಬದುಕಿದ್ದಳು. ಹೆಳವ ಮುದುಕನೇ ಹೇಳಿದ್ದ: ಮುದ್ದೇಬಿಹಾಳ ತಾಲೂಕಿನ ಒಂದು ಪುನರ್ವಸತಿ ಊರಿನಲ್ಲಿ, ಬಿಳೇಹಾಳದ ಅರ್ಧ ಮಂದಿ ಅಲ್ಲೇ ಇದ್ದರು. ಅವಳ ಮಗನ ಫೋನ್ ನಂಬರ್ ಸಿಕ್ಕಿತು. ನಾನು ಯಾರು ಅಂತ ಹೇಳಿದಾಗ ಅವನು ಫೋನನ್ನು ಒಳಗೆ ಒಯ್ದ. ಆಮೇಲೆ ಒಬ್ಬ ಹೆಂಗಸಿನ ದನಿ, ಉಸಿರು ಸಾಲದೆ: "ಅಕ್ಕ ಅದಾಳ? ಕಣ್ಣ ಕಾಣತಾವೇನು ಆಕಿಗೆ?"

ಶಿವರಾತ್ರಿ ಮುಂದೆ, ಜೋಳ ಕಿತ್ತು ಹೊಲಗಳೆಲ್ಲ ಬಯಲಾಗಿದ್ದಾಗ, ಅವ್ವನನ್ನು ಕರೆದುಕೊಂಡು ಹೋದೆ. ಬಾಗೇವಾಡಿ ದಾಟಿದ ಮೇಲೆ ಅವ್ವ ಕಿಟಕಿಗೆ ಮುಖ ಕೊಟ್ಟು, "ಹೊಳಿ ಬಂತೇನು?" ಅಂತ ಕೇಳುತ್ತಲೇ ಇದ್ದಳು. ಒಂದೇ ಅಳತೆಯ ಮನೆಗಳು ಸಾಲಾಗಿ ನಿಂತ ಊರು ಅದು. ಬಸ್ಸು ನಿಲ್ಲುವ ಕಡೆ ಒಬ್ಬ ಬಡಕಲು ಮುದುಕಿ ಬಿಸಿಲಲ್ಲಿ ಕಾಯುತ್ತಿದ್ದಳು. ಅವ್ವ ಇಳಿದ ಕೂಡಲೇ ಅವಳು ಹತ್ತಿರ ಬಂದು, ಏನೂ ಮಾತಾಡದೆ ಅವ್ವನ ಬಲಗೈ ಹಿಡಿದು ಮುಂದೆ ನಡೆದಳು. ಕುರುಡರನ್ನು ಕರೆದೊಯ್ಯಲು ಗೊತ್ತಿದ್ದವರು ಮಾತ್ರ ಹಾಗೆ ನಡೆಯುತ್ತಾರೆ: ಅರ್ಧ ಹೆಜ್ಜೆ ಮುಂದೆ, ಮೊಣಕೈ ಸ್ವಲ್ಪ ಹಿಂದೆ.

ಹೊರಸಿನ ಮೇಲೆ ಕೂರಿಸಿ, ನೀರು ಕೊಟ್ಟ ಮೇಲೆ ಯಮನವ್ವ ಚಿಗವ್ವ ಅವ್ವನ ಕಾಲ ಬಳಿ ಕೂತು, "ಅವತ್ತ ನಾನ ಅಪ್ಪನ್ನ ಕರಕೊಂಡು ಬಂದಿದ್ದೆ ಅಕ್ಕಾ," ಅಂದಳು. "ನನಗ ಐದ ವರ್ಷ. ನಿನ್ನ ಕರಕೊಂಡ ಹೋಗೂನು ಅಂತ ಚುರಮರಿ ಕಟಕೊಂಡು ಬಂದಿದ್ವಿ. ಆ ಅವ್ವ ನೀ ಸತ್ತಿ ಅಂದ್ಳು. ಆದ್ರ ಅಂಗಳದಾಗ ಹಗ್ಗದ ಮ್ಯಾಲ ನಿನ್ನ ಪರಕರ ಒಣಗಾಕಿದ್ರು. ನಮ್ಮವ್ವನ ಇಳಕಲ್ ಸೀರಿ ಹರದು ಹೊಲಿಸಿದ್ದು, ಅಂಥದು ನನಗೂ ಒಂದಿತ್ತು. ನಾ ಅಪ್ಪನ ಕೈ ಜಗ್ಗಿದೆ. ಅಂವ ನನ್ನ ಬೆರಳು ಒತ್ತಿ ಹಿಡದ. ಸುಮ್ಮನಾದೆ."

ಅವ್ವ ತಡಕಿ ಅವಳ ಕೈ ಹಿಡಿದುಕೊಂಡಳು.

"ಊರು ದಾಟಿ ಹಳ್ಳಕ್ಕ ಬಂದ ಮ್ಯಾಲ ಕೇಳಿದ. ಏನ ನೋಡಿದಿ? ಅಕ್ಕನ ಪರಕರ ಅಂದೆ. ಹಸೀದಿತ್ತೋ ಒಣಗಿತ್ತೋ? ನೀರ ತೊಟ್ಟಿಕ್ಕಾಕತ್ತಿತ್ತು ಅಂದೆ. ಹಳ್ಳದಾಗ ಕೂತಬಿಟ್ಟ. ಅತ್ತನೋ ನಕ್ಕನೋ ನನಗ ತಿಳೀಲಿಲ್ಲ. ಹಂಗಾರ ಜ್ವರ ಬಿಟ್ಟೈತಿ ಆಕಿಗೆ, ಅಂದ. ತಿರುಗಿ ಹೋಗೂನು ನಡಿ ಅಪ್ಪಾ ಅಂದ್ರ ಏಳಲಿಲ್ಲ. ಆಕಿ ಅಲ್ಲಿ ಎರಡ ಹೊತ್ತು ಉಂತಾಳ. ನನ್ನ ಕಣ್ಣ ಇನ್ನೆರಡು ವರ್ಷ. ನನ್ನ ಹಿಂದ ಉಪಾಸ ಬೀಳಾಕ ನೀ ಒಬ್ಬಾಕಿ ಸಾಕು. ಹಂಗಂದ."

ಹೆಳವ ಬಂದಾಗ ನಿಂಗಪ್ಪ ತಾನೇ ಬರೆಸಿದ್ದ, ತೀರಿದಳು ಅಂತ. ಬರೆಸಿದರೆ ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಯಮನವ್ವನೂ ಹೋಗುವುದಿಲ್ಲ ಅಂತ. ಆದರೆ ಹೆಸರು ಬಿಟ್ಟುಹೋಗಬಾರದು ಅಂತ ಹಟ ಹಿಡಿದಿದ್ದ. ಅಪ್ಪ ಸತ್ತ ಮೇಲೆ ಚಿಗವ್ವ ಎರಡು ಸಲ ತಾಂಬಾದ ಬಸ್ ಸ್ಟ್ಯಾಂಡಿನ ತನಕ ಬಂದಿದ್ದಳಂತೆ. ಅಕ್ಕನನ್ನು ಹುಡುಕಿ ಹೋಗುವುದಿಲ್ಲ ಅಂತ ಅಪ್ಪನಿಗೆ ಕೊಟ್ಟ ಮಾತು ಮುರಿಯಲಾರದೆ, ಬಂದ ಬಸ್ಸಿಗೇ ತಿರುಗಿ ಹೋದಳಂತೆ.

ಅವ್ವ ಆಗ ಅತ್ತಳು. ಅವಳು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ, ನಮ್ಮಪ್ಪ ತೀರಿದಾಗಲೂ. "ಅವಗ ಗೊತ್ತಿತ್ತು," ಅನ್ನುತ್ತಿದ್ದಳು, "ಅವಗ ಗೊತ್ತಿತ್ತು." ತನ್ನನ್ನು ಮರೆತ ಅಪ್ಪನ ಮೇಲೆ ಸಿಟ್ಟು ಮಾಡಬಹುದಿತ್ತು. ಈ ಅಪ್ಪನನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಮೂರು ದಿನಕ್ಕೆ ಅಂತ ಹೋಗಿದ್ದೆವು. ಹೊರಡುವ ಬೆಳಿಗ್ಗೆ ನಾನು ಚೀಲ ಕಟ್ಟುತ್ತಿದ್ದರೆ ಅವ್ವ, "ನಂದು ಕಟ್ಟಬ್ಯಾಡ. ನಾ ಇಲ್ಲೇ ಇರ್ತೇನಿ," ಅಂದಳು.

"ಅವ್ವಾ, ಔಷಧ, ಡಾಕ್ಟರು..."

"ಹೋಗೂ ಕಣ್ಣ ಹೋಗತಾವ ಶಾಂತಾ. ಇಲ್ಲಿ ಇಕಿಗೆ ನನ್ನ ಕೈ ಹಿಡಿಯಾಕ ಬರತೈತಿ."

ನನಗೆ ಬರುವುದಿಲ್ಲವೇ ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ. ಹೆಗಲಿಗೆ ಒಂದೇ ಚೀಲ ಹಾಕಿಕೊಂಡು ಬಸ್ ಹತ್ತಿದೆ. ಆ ದಾರಿಯಲ್ಲಿ ನಾನು ಅತ್ತಷ್ಟು ಅವಳು ಸತ್ತ ದಿನವೂ ಅಳಲಿಲ್ಲ. ಮನೆಗೆ ಬಂದಾಗ ಅಂಗಳದಲ್ಲಿ ಅವಳು ಕೂರುತ್ತಿದ್ದ ಚಾಪೆ ಹಾಗೇ ಇತ್ತು. ಹುಡುಕಲು ಹೊರಟವಳು ನಾನು, ಅಂತ ನನಗೆ ನಾನೇ ಬೈದುಕೊಂಡೆ.

ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆ. ವಿಜಯಪುರದ ಡಾಕ್ಟರಿಗೆ ಹೇಳಬೇಕಾದ್ದು ಹೇಳಿ, ನನ್ನ ಕಣ್ಣುಗಳನ್ನೂ ತೋರಿಸಿದೆ. ಸದ್ಯಕ್ಕೆ ಏನೂ ಇಲ್ಲ ಅಂದರು. ಹೆಳವ ಮುದುಕ ಫೋನ್ ಮಾಡಿ, "ಆ ಸಾಲು ತಿದ್ದಲೇನ್ರಿ ತಾಯಿ?" ಅಂತ ಕೇಳಿದ. ಅವ್ವನನ್ನು ಕೇಳಿದೆ. "ಇರಲಿ ಬಿಡು. ಅಪ್ಪ ಬರಿಸಿದ್ದು," ಅಂದಳು. ಬೇಸಿಗೆಯ ಹೊತ್ತಿಗೆ ಅವಳಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಸಂಜೆ ಇಬ್ಬರೂ ಹಿನ್ನೀರಿನ ದಂಡೆಗೆ ಹೋಗಿ ಕೂರುತ್ತಿದ್ದರು. ನೀರಿನ ಕೆಳಗೆ ಎಲ್ಲಿ ಮನೆ, ಎಲ್ಲಿ ಅಪ್ಪನ ಮಣ್ಣು ಅಂತ ಚಿಗವ್ವ ಅವಳ ತೋರುಬೆರಳು ಹಿಡಿದು ಆ ಕಡೆ ತಿರುಗಿಸುತ್ತಿದ್ದಳು.

ಶ್ರಾವಣದಲ್ಲಿ, ಎರಡೇ ದಿನದ ಜ್ವರಕ್ಕೆ ಅವ್ವ ಹೋದಳು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ಮೋರಟಗಿಗೆ ಒಯ್ಯಬೇಕು ಅಂತ ನಮ್ಮವರು ಅಂದರು. ನಾನು ಬೇಡ ಅಂದೆ. ಜಿನಿಜಿನಿ ಮಳೆಯಲ್ಲಿ, ಚಿಗವ್ವನ ಹೊಲದ ಮೂಲೆಯಲ್ಲಿ ಕುಣಿ ತೋಡಿದರು. ಮಣ್ಣು ಹಾಕಲು ಬಂದವರಲ್ಲಿ ಒಬ್ಬ ಹಣ್ಣು ಮುದುಕ ಇದ್ದ, ಬಿಳೇಹಾಳದವನೇ. ಬಡಿಗೆ ಊರಿಕೊಂಡು ಮುಂದೆ ಬಂದು ಕೇಳಿದ: "ಯಾರಬೇ ಇಕಿ?"

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: "ನಮ್ಮಕ್ಕರಿ. ಹಗ್ಗದ ನಿಂಗಪ್ಪನ ಹಿರಿ ಮಗಳು. ಪರಊರಿಗೆ ಹೋಗಿದ್ಳು, ಬಂದ್ಳು."

ಮುದುಕ ತಲೆಯಾಡಿಸಿ, ಬಗ್ಗಿ, ಹಸಿ ಮಣ್ಣು ಮುಷ್ಟಿಯಲ್ಲಿ ತೆಗೆದುಕೊಂಡ.